ಕುರಿಯ ಮೇಲೆ ಕಾಲಿಟ್ಟು ನಿಂತ ವ್ಯಾಪಾರಿ: ನಾರ್ತ್‌ಲೀಚ್ ಎಂಬ ಪುಟ್ಟ ಪೇಟೆಯ ದೊಡ್ಡ ಚರ್ಚು

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಕೆಲಸದಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ನಮ್ಮನ್ನು ಹತ್ತಿರದ ನಾರ್ತ್‌ಲೀಚ್ ಅನ್ನೋ ಊರಿಗೆ ಕರೆದುಕೊಂಡು ಹೋಗಿದ್ದಳು. ಹತ್ತು ಹದಿನೈದು ನಿಮಿಷದಲ್ಲಿ ಊರು ಮುಗಿದೇ ಹೋಗುತ್ತದೆ. ಆದರೆ ಚರ್ಚು ಮಾತ್ರ ದೊಡ್ಡ ಪಟ್ಟಣಕ್ಕೆ ಕಟ್ಟಿದ ಹಾಗಿದೆ. ಅಲ್ಲಿ ಹಿತ್ತಾಳೆಯಲ್ಲಿ ಕೊರೆದ ಒಬ್ಬ ಮನುಷ್ಯನ ಚಿತ್ರ ನೋಡಿದೆ. ಒಂದು ಕಾಲು ಕುರಿಯ ಮೇಲೆ, ಇನ್ನೊಂದು ಕಾಲು ಮೂಟೆಯ ಮೇಲೆ. ನನ್ನ ತವರು ಚಳ್ಳಕೆರೆ ಕಡೆ. ಕುರಿ, ಕಂಬಳಿ ನೋಡಿಯೇ ಬೆಳೆದವಳು. ಕುರಿಯ ಮೇಲೆ ಕಾಲಿಟ್ಟದ್ದು ನೋಡಿ ಮನಸ್ಸಿಗೆ ಒಂಥರಾ ಆಯಿತು. ಬರೀ ಉಣ್ಣೆಯಿಂದ ಅಷ್ಟು ದೊಡ್ಡ ಚರ್ಚು ಕಟ್ಟುವಷ್ಟು ದುಡ್ಡು ಬರುತ್ತಿತ್ತಾ? ಬರುತ್ತಿದ್ದರೆ ಆ ಊರು ಯಾಕೆ ಬೆಳೆಯಲಿಲ್ಲ?

ಉತ್ತರ: ಮೊದಲು ಆ ಕಾಲಿನ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಮನಸ್ಸಿಗೆ ಚುಚ್ಚಿದ್ದು ಅದೇ ಅಲ್ವಾ. ಅದು ತುಳಿಯುವುದಲ್ಲ. ಆ ಕಾಲದ ಯುರೋಪಿನಲ್ಲಿ ಸತ್ತವರ ಚಿತ್ರ ಕೊರೆಯುವಾಗ ಕಾಲ ಕೆಳಗೆ ಏನಾದರೂ ಇಡುವ ಪದ್ಧತಿ ಇತ್ತು. ಯೋಧನಾದರೆ ಸಿಂಹ, ದೊಡ್ಡ ಮನೆಯ ಹೆಂಗಸಾದರೆ ಸಾಕು ನಾಯಿ. ಉಣ್ಣೆ ವ್ಯಾಪಾರಿ ಸಿಂಹದ ಜಾಗದಲ್ಲಿ ಕುರಿಯನ್ನು ಇಡಿಸಿಕೊಂಡ. ಪಕ್ಕದಲ್ಲಿ ಉಣ್ಣೆಯ ಮೂಟೆ. 'ನಾನು ನಿಂತಿರುವುದು ಇವುಗಳ ಆಧಾರದ ಮೇಲೆ' ಅಂತ ಊರಿಗೆಲ್ಲ ಹೇಳಿಕೊಳ್ಳುವುದು ಅದು. ಕುರಿಯನ್ನು ಸಿಂಹದ ಸಾಲಿಗೆ ಏರಿಸಿದ ಚಿತ್ರ ಅಂತಲೇ ನಾನು ಅದನ್ನು ಓದುತ್ತೇನೆ.

ನೀವು ನೋಡಿದ್ದು ಜಾನ್ ಫೋರ್ಟಿಯ ಚಿತ್ರವೇ ಇರಬೇಕು. ಆತ ಸತ್ತದ್ದು 1458ರ ಸುಮಾರಿಗೆ. ಚಿತ್ರದ ಅಂಚಿನಲ್ಲಿ ಸಣ್ಣ ಸಣ್ಣ ವೃತ್ತಗಳಿವೆ. ಅದರೊಳಗಿನ ಗೆರೆಗಳು ಅವನ ವ್ಯಾಪಾರದ ಗುರುತು. ಓದು ಬಾರದ ಗಾಡಿಯವನಿಗೂ ಹಡಗಿನ ಹಮಾಲಿಗೂ ಇದು ಯಾರ ಮಾಲು ಅಂತ ಗೊತ್ತಾಗಲಿ ಎಂದು ಮೂಟೆಯ ಮೇಲೆ ಹಾಕುತ್ತಿದ್ದ ಗುರುತು. ಅದನ್ನೇ ಸಮಾಧಿಯ ಮೇಲೂ ಹಾಕಿಸಿಕೊಂಡಿದ್ದಾನೆ.

ಈ ಫೋರ್ಟಿ ಚರ್ಚಿನ ನಡುಭಾಗ ಮುಗಿಸಲಿ ಎಂದು ಉಯಿಲಿನಲ್ಲಿ 300 ಪೌಂಡ್ ಬರೆದಿಟ್ಟ. ಇವತ್ತಿನ ಲೆಕ್ಕದಲ್ಲಿ ಇದು ಏನೂ ಅನಿಸುವುದಿಲ್ಲ. ಆಗಿನ ಕೂಲಿಯ ಲೆಕ್ಕ ಹಾಕಿ ನೋಡಿ. ಒಬ್ಬ ಕೂಲಿಯಾಳಿಗೆ ದಿನಕ್ಕೆ 4 ಪೆನ್ನಿ. ಒಂದು ಪೌಂಡಿಗೆ 240 ಪೆನ್ನಿ. ಅಂದರೆ ಆ ದುಡ್ಡು 18,000 ದಿನದ ಕೂಲಿ. ವರ್ಷಕ್ಕೆ 250 ದಿನ ಕೆಲಸ ಸಿಕ್ಕರೂ ಒಬ್ಬ ಮನುಷ್ಯ 72 ವರ್ಷ ದುಡಿಯಬೇಕು. ಅಷ್ಟು ದುಡ್ಡನ್ನು ಒಬ್ಬನೇ ವ್ಯಾಪಾರಿ ಸಾಯುವಾಗ ಒಂದು ಚರ್ಚಿಗೆ ಕೊಟ್ಟುಹೋದ. ಆ ಎತ್ತರದ ಗೋಡೆ, ಬೆಳಕು ತುಂಬಿ ಬರುವ ಕಿಟಕಿ ಎಲ್ಲ ಬಂದದ್ದು ಇಂಥ ದುಡ್ಡಿನಿಂದ.

ಹಾಗಾದರೆ ಉಣ್ಣೆಗೆ ಅಷ್ಟು ಬೆಲೆ ಯಾಕಿತ್ತು?

ಆಗ ಹತ್ತಿ ಬಟ್ಟೆ ಯುರೋಪಿನಲ್ಲಿ ಅಪರೂಪ. ರೇಷ್ಮೆ ರಾಜರಿಗೆ. ಉಳಿದದ್ದು ನಾರುಬಟ್ಟೆ ಮತ್ತು ಉಣ್ಣೆ. ಚಳಿಯ ದೇಶದಲ್ಲಿ ಉಣ್ಣೆ ಇಲ್ಲದೆ ಬದುಕಿಲ್ಲ. ಒಳ್ಳೆ ಬಟ್ಟೆ ನೇಯುವವರು ಇದ್ದದ್ದು ಈಗಿನ ಬೆಲ್ಜಿಯಂ, ಹಾಲೆಂಡ್ ಕಡೆ ಮತ್ತು ಇಟಲಿಯಲ್ಲಿ. ಒಳ್ಳೆ ಉಣ್ಣೆ ಇದ್ದದ್ದು ಇಂಗ್ಲೆಂಡಿನಲ್ಲಿ. ಅದರಲ್ಲೂ ಮೂರು ನಾಲ್ಕು ಸೀಮೆಯ ಉಣ್ಣೆಗೆ ವಿಶೇಷ ಹೆಸರು. ನಾರ್ತ್‌ಲೀಚ್ ಇರುವ ಕಾಟ್ಸ್‌ವೊಲ್ಡ್ ಗುಡ್ಡಗಳದ್ದು ಅದರಲ್ಲೊಂದು. ಮೇಲೆ ತೆಳುವಾದ ಮಣ್ಣು, ಕೆಳಗೆ ಸುಣ್ಣಕಲ್ಲು, ನೀರು ನಿಲ್ಲದ ಇಳಿಜಾರು, ಗಿಡ್ಡ ಹುಲ್ಲು. ಕುರಿಯ ಕಾಲು ಕೊಳೆಯುವುದಿಲ್ಲ, ತುಪ್ಪಟ ಚೆನ್ನಾಗಿ ಬರುತ್ತದೆ. ಚಳ್ಳಕೆರೆಯವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಇಟಲಿಯ ವ್ಯಾಪಾರಿಗಳು ಇಲ್ಲಿನ ಹಳ್ಳಿ ಹಳ್ಳಿಯ ಹೆಸರು ಬಲ್ಲವರಾಗಿದ್ದರು. ಫ್ಲಾರೆನ್ಸ್ ಹತ್ತಿರದ ಪ್ರಾತೊ ಊರಿನ ಫ್ರಾನ್ಚೆಸ್ಕೊ ದಾತೀನಿ ಎಂಬ ವ್ಯಾಪಾರಿಯ ಕಾಗದಗಳು ಕಟ್ಟುಗಟ್ಟಲೆ ಉಳಿದಿವೆ. 1400ರ ಆಸುಪಾಸಿನವು. ಅದರಲ್ಲಿ ನಾರ್ತ್‌ಲೀಚ್ 'ನೊರ್ಲೆಚ್ಚೊ' ಆಗಿದೆ. ಕಾಟ್ಸ್‌ವೊಲ್ಡ್ 'ಕೊಂದಿಸ್ಗುವಾಲ್ದೊ' ಆಗಿದೆ. ನೂರಾರು ಮೈಲಿ ದೂರದ ಗುಮಾಸ್ತನ ಬಾಯಿಗೆ ಬಂದ ಹಾಗೆ ಒಂದು ಸಣ್ಣ ಸಂತೆ ಊರಿನ ಹೆಸರು. ನನಗೆ ಬಹಳ ಇಷ್ಟವಾದ ಪದ ಅದು.

ಪ್ರಮಾಣವನ್ನೂ ತಿಳಿದುಕೊಳ್ಳಿ. ಒಂದು ಮೂಟೆ ಉಣ್ಣೆ ಅಂದರೆ 364 ಪೌಂಡ್ ತೂಕ, ನಮ್ಮ ಲೆಕ್ಕದಲ್ಲಿ ಸುಮಾರು 165 ಕಿಲೊ. ಆಗಿನ ಕುರಿಗಳು ಸಣ್ಣವು. ಒಂದು ಮೂಟೆ ತುಂಬಲು 200ಕ್ಕೂ ಹೆಚ್ಚು ಕುರಿಗಳ ಉಣ್ಣೆ ಬೇಕು. 1304–05ರಲ್ಲಿ ಇಂಗ್ಲೆಂಡಿನಿಂದ ಹೊರಗೆ ಹೋದದ್ದು 45,000ಕ್ಕೂ ಹೆಚ್ಚು ಮೂಟೆ. ನೀವೇ ಗುಣಿಸಿ ನೋಡಿ. ಆ ದೇಶದಲ್ಲಿ ಜನಕ್ಕಿಂತ ಕುರಿಗಳೇ ಜಾಸ್ತಿ ಇದ್ದವು. 1193ರಲ್ಲಿ ದೊರೆ ಮೊದಲನೇ ರಿಚರ್ಡ್ ಜರ್ಮನಿಯ ಕಡೆ ಸೆರೆಯಲ್ಲಿದ್ದಾಗ ಬಿಡಿಸಿಕೊಳ್ಳಲು ದುಡ್ಡು ಕೂಡಿಸಬೇಕಾಯಿತು. ಮಠಗಳ ಆ ವರ್ಷದ ಉಣ್ಣೆಯನ್ನೇ ಎತ್ತಿಕೊಂಡರು. ಬ್ರಿಟನ್ ಸಂಸತ್ತಿನ ಮೇಲ್ಮನೆಯಲ್ಲಿ ಸಭಾಧ್ಯಕ್ಷರು ಇವತ್ತಿಗೂ ಕೂರುವುದು ಉಣ್ಣೆ ತುಂಬಿದ ಕೆಂಪು ದಿಂಬಿನ ಮೇಲೆ. ದೇಶದ ಸಂಪತ್ತು ಎಲ್ಲಿಂದ ಬಂತು ಎಂಬುದನ್ನು ಮರೆಯದಿರಲಿ ಅಂತ 14ನೇ ಶತಮಾನದಲ್ಲಿ ಶುರುವಾದ ಪದ್ಧತಿ. 1938ರಲ್ಲಿ ಬಿಚ್ಚಿ ನೋಡಿದರೆ ಒಳಗೆ ಕುದುರೆ ಕೂದಲು ತುಂಬಿತ್ತು. ಆಮೇಲೆ ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳಿಂದ ಉಣ್ಣೆ ತರಿಸಿ ಮತ್ತೆ ತುಂಬಿದರು.

ಈಗ ಊರಿಗೆ ಬರೋಣ. ನಾರ್ತ್‌ಲೀಚ್ ತಾನಾಗಿ ಬೆಳೆದ ಊರಲ್ಲ. ಈ ಜಮೀನು ಗ್ಲಾಸ್ಟರಿನ ಮಠದ್ದು. 1227ರಲ್ಲಿ ಮಠ ರಾಜನಿಂದ ಸಂತೆ ನಡೆಸುವ ಸನದು ಪಡೆಯಿತು. ನಡುವೆ ಮುಕ್ಕೋನದ ಸಂತೆ ಮೈದಾನ. ಅದರ ಸುತ್ತ, ರಸ್ತೆಯ ಎರಡೂ ಕಡೆ ಕಿರಿದಾದ ನಿವೇಶನಗಳು. ಮುಂದೆ ಅಂಗಡಿ, ಹಿಂದೆ ಉದ್ದನೆಯ ಹಿತ್ತಲು. ನಮ್ಮ ಹಳೇ ಪೇಟೆ ಬೀದಿಗಳ ಹಾಗೇ. ಬಾಡಿಗೆ, ಸಂತೆ ಸುಂಕ ಎರಡೂ ಮಠಕ್ಕೆ. ರೋಮನ್ನರ ಕಾಲದ ಹೆದ್ದಾರಿ ಒಂದು ಊರಿನ ಅಂಚಿನಲ್ಲೇ ಹಾದುಹೋಗುತ್ತದೆ. ಗ್ಲಾಸ್ಟರ್‌ನಿಂದ ಆಕ್ಸ್‌ಫರ್ಡ್ ಕಡೆಗೆ ಹೋಗುವ ರಸ್ತೆ ಅದನ್ನು ಇಲ್ಲೇ ದಾಟುತ್ತದೆ. ಜಾಗ ಆರಿಸಿದವರು ವ್ಯಾಪಾರ ಬಲ್ಲವರು.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರುವಾಗುತ್ತದೆ. ಈ ಊರಿನಲ್ಲಿ ಉಣ್ಣೆಯಿಂದ ಏನನ್ನೂ ತಯಾರಿಸುತ್ತಿರಲಿಲ್ಲ ಅಂದರೆ ತಪ್ಪಾಗದು. ಅಲ್ಲಲ್ಲಿ ಒಂದೊಂದು ಮಗ್ಗ ಇದ್ದಿರಬಹುದು. ಆದರೆ ಊರಿನ ದುಡ್ಡು ಬಂದದ್ದು ಮಗ್ಗದಿಂದಲ್ಲ. ಕೊಳ್ಳುವುದು, ವಿಂಗಡಿಸುವುದು, ಮೂಟೆ ಕಟ್ಟುವುದು, ಕಳಿಸುವುದು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಉದ್ರಿ ನಡೆಸುವುದು. ಇದಕ್ಕೆ ಜಾಸ್ತಿ ಜನ ಬೇಡ. ಹತ್ತಾರು ಮನೆ ಸಾಕು. ಹಾಗಾಗಿ ಚರ್ಚು ದೊಡ್ಡದಾಯಿತು, ಊರು ಸಣ್ಣದಾಗಿಯೇ ಉಳಿಯಿತು. ದುಡ್ಡು ಕೆಲವೇ ಕೈಗಳಲ್ಲಿ ಸೇರಿತ್ತು. ಆ ಕೈಗಳು ಅದನ್ನು ಕಲ್ಲಿಗೆ ಸುರಿದವು.

ಈ ವ್ಯಾಪಾರ ಹೇಗೆ ನಡೆಯುತ್ತಿತ್ತು ಅಂತ ನಮಗೆ ಇಷ್ಟು ವಿವರವಾಗಿ ಗೊತ್ತಿರುವುದು ಒಂದು ಮನೆಯ ಜಗಳದ ದಯೆಯಿಂದ. ಲಂಡನ್ನಿನಲ್ಲಿ ಸೀಲಿ ಎಂಬ ಮನೆತನ ಇತ್ತು. ಅಪ್ಪ ರಿಚರ್ಡ್, ಮಕ್ಕಳು ರಾಬರ್ಟ್, ಇನ್ನೊಬ್ಬ ರಿಚರ್ಡ್, ಜಾರ್ಜ್. ಕಾಟ್ಸ್‌ವೊಲ್ಡಿನಲ್ಲಿ ಉಣ್ಣೆ ಕೊಂಡು, ಸಮುದ್ರ ದಾಟಿಸಿ ಕ್ಯಾಲೆಯಲ್ಲಿ ಮಾರುವುದು ಅವರ ಕಸುಬು. ಕ್ಯಾಲೆ ಈಗ ಫ್ರಾನ್ಸಿನಲ್ಲಿದೆ, ಆಗ ಇಂಗ್ಲಿಷರ ಕೈಯಲ್ಲಿತ್ತು. 1363ರಿಂದ ಉಣ್ಣೆ ರಫ್ತಿಗೆ ಅದೇ ಮುಖ್ಯ ಕಟ್ಟೆ. ಅಲ್ಲಿ ವ್ಯಾಪಾರ ಮಾಡುವವರ ಒಂದು ಸಂಘ, ಅದಕ್ಕೆ ಕಟ್ಟುನಿಟ್ಟಿನ ನಿಯಮಗಳು. 1489ರಲ್ಲಿ ಜಾರ್ಜ್ ಸತ್ತ. ಸಾಲ ಯಾರ ಪಾಲಿಗೆ ಅಂತ ಮನೆಯವರ ನಡುವೆ ಕೋರ್ಟು ಕಚೇರಿ ಆಯಿತು. ಸಾಕ್ಷಿಗೆಂದು ಕೊಟ್ಟ ಕಾಗದಗಳು ಅಲ್ಲೇ ಉಳಿದುಹೋದವು. 1472ರಿಂದ 1488ರವರೆಗಿನ ಪತ್ರಗಳು, ಲೆಕ್ಕದ ಚೀಟಿಗಳು ಇವತ್ತು ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಮನೆಯಲ್ಲಿವೆ.

ಆ ಪತ್ರಗಳಲ್ಲಿ ನಾರ್ತ್‌ಲೀಚಿನ ವಿಲಿಯಂ ಮಿಡ್‌ವಿಂಟರ್ ಪದೇ ಪದೇ ಬರುತ್ತಾನೆ. ಅವನು ದಳ್ಳಾಳಿ ಮತ್ತು ವ್ಯಾಪಾರಿ ಎರಡೂ. ಸುತ್ತಲಿನ ಕುರಿಯವರಿಂದ, ರೈತರಿಂದ ಉಣ್ಣೆ ಒಟ್ಟುಮಾಡುತ್ತಿದ್ದ. ಲಂಡನ್ನಿನವರಿಗೆ ಮಾರುತ್ತಿದ್ದ. ಜೂನ್‌ನಲ್ಲಿ ಕುರಿಗಳನ್ನು ಹಳ್ಳದಲ್ಲಿ ತೊಳೆದು ಉಣ್ಣೆ ಕತ್ತರಿಸುತ್ತಾರೆ. ಆಮೇಲೆ ಅದನ್ನು ವಿಂಗಡಿಸಬೇಕು. ಒಳ್ಳೆ ಮಾಲು ಬೇರೆ, ಮಧ್ಯಮ ಮಾಲು ಬೇರೆ. ವಿಂಗಡಿಸಿ ಮೂಟೆ ಕಟ್ಟುವವನು ಪ್ರಮಾಣ ಮಾಡಿದ ಕಸುಬಿನವನು. ವಿಲಿಯಂ ಬ್ರೆಟನ್ ಎಂಬವನು ಸೀಲಿಗಳಿಗೆ ಈ ಕೆಲಸ ಮಾಡುತ್ತಿದ್ದ. ಕಟ್ಟಿದ ಮೂಟೆಗಳು ಲಂಡನ್ನಿಗೆ ಹೋಗಿ ಅಲ್ಲಿ ಲೆಡನ್‌ಹಾಲಿನ ತಕ್ಕಡಿಯಲ್ಲಿ ತೂಗಬೇಕು. ಸುಂಕ ಕಟ್ಟಿ ಹಡಗು ಹತ್ತಿಸಬೇಕು.

ಪೈಪೋಟಿಯೂ ಜೋರಾಗಿತ್ತು. 1480ರ ಅಕ್ಟೋಬರ್‌ನಲ್ಲಿ ಅಪ್ಪ ರಿಚರ್ಡ್ ಮಗನಿಗೆ ಬರೆಯುತ್ತಾನೆ: ಈ ವರ್ಷ ಒಂದು ಎಳೆ ಉಣ್ಣೆಯನ್ನೂ ಕೊಂಡಿಲ್ಲ, ಕಾಟ್ಸ್‌ವೊಲ್ಡಿನ ಮಾಲನ್ನೆಲ್ಲ ಇಟಲಿಯವರು ಕೊಂಡುಬಿಟ್ಟಿದ್ದಾರೆ ಅಂತ.

ದುಡ್ಡು ಕೈಗೆ ಬರುವುದು ಮಾತ್ರ ಬಹಳ ನಿಧಾನ. ಕ್ಯಾಲೆಯಲ್ಲಿ ಹಾಲೆಂಡಿನ ಲೈಡನ್, ಡೆಲ್ಫ್ಟ್ ಊರುಗಳ ವ್ಯಾಪಾರಿಗಳು ಮಾಲು ಕೊಳ್ಳುತ್ತಾರೆ. ಸ್ವಲ್ಪ ನಗದು ಕೊಡುತ್ತಾರೆ. ಉಳಿದದ್ದಕ್ಕೆ ಕಾಗದ. ಮುಂದಿನ ಜಾತ್ರೆಗೆ ಇಷ್ಟು, ಅದರ ಮುಂದಿನದಕ್ಕೆ ಇಷ್ಟು. ಜಾತ್ರೆ ಅಂದರೆ ಆಂಟ್‌ವರ್ಪ್, ಬರ್ಗನ್ ಆಪ್ ಜೂಮ್ ಊರುಗಳಲ್ಲಿ ವರ್ಷಕ್ಕೆ ಇಂತಿಷ್ಟು ಸಲ ನಡೆಯುವ ದೊಡ್ಡ ವ್ಯಾಪಾರ ಜಾತ್ರೆಗಳು. ಅಲ್ಲಿ ವಸೂಲಾದ ದುಡ್ಡನ್ನು ಹುಂಡಿಯ ಮೂಲಕ ಲಂಡನ್ನಿಗೆ ತರಬೇಕು. ಹುಂಡಿ ಅಂದರೆ ನಮ್ಮ ಹಳೇ ವ್ಯಾಪಾರಸ್ಥರಿಗೆ ಗೊತ್ತಿರುವ ಅದೇ ಪದ್ಧತಿ. ಇಲ್ಲಿ ಕೊಟ್ಟ ದುಡ್ಡಿಗೆ ಅಲ್ಲಿ ಸಿಗುವ ಕಾಗದ. ಇದೆಲ್ಲ ಮುಗಿಯುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಅಲ್ಲಿಯವರೆಗೆ ಸೀಲಿಗಳು ಮಿಡ್‌ವಿಂಟರ್‌ಗೆ ಪೂರಾ ಕೊಡುವುದಿಲ್ಲ. ಮಿಡ್‌ವಿಂಟರ್ ಕುರಿಯವರಿಗೆ ಪೂರಾ ಕೊಡಲು ಆಗುವುದಿಲ್ಲ. ಅವನು ದುಡ್ಡು ಕೇಳಿಕೊಂಡು ಲಂಡನ್ನಿಗೆ ಬಂದನೆಂದರೆ ಅಣ್ಣ ತಮ್ಮಂದಿರಿಗೆ ತಲೆಬಿಸಿ. ನಾರ್ತ್‌ಲೀಚಿನ ಗುಡ್ಡದ ಮೇಲೆ ಕುರಿ ಮೇಯಿಸುವವನ ಮನೆಯ ದುಡ್ಡು ಬೆಲ್ಜಿಯಂ ಜಾತ್ರೆಯಲ್ಲಿ ಒಬ್ಬ ವ್ಯಾಪಾರಿ ಸಾಲ ತೀರಿಸುವುದನ್ನು ಕಾಯುತ್ತಿತ್ತು. ನನ್ನ ಪ್ರಕಾರ ಆ ಊರು ನಿಜವಾಗಿ ಮಾರುತ್ತಿದ್ದದ್ದು ನಂಬಿಕೆಯನ್ನು. ಉಣ್ಣೆ ಅದರ ಒಳಗೆ ತುಂಬಿದ ಮಾಲು.

ಆ ನಂಬಿಕೆಯನ್ನು ಎಲ್ಲರೂ ಉಳಿಸಿಕೊಂಡರು ಅಂತಲ್ಲ. ಕ್ಯಾಲೆಯಲ್ಲಿ ಮಾಲು ಇಳಿದ ಮೇಲೆ ಸಂಘದ ಅಧಿಕಾರಿ ಯಾವುದೋ ಒಂದು ಮೂಟೆಯನ್ನು ಬಿಚ್ಚಿಸಿ ಪರೀಕ್ಷೆ ಮಾಡುತ್ತಿದ್ದ. ಅದರ ಮೇಲೆ ಇಡೀ ಸರಕಿನ ದರ್ಜೆ ತೀರ್ಮಾನ. 1487ರ ಒಂದು ಪತ್ರದಲ್ಲಿ ಸೀಲಿಗಳ ಗುಮಾಸ್ತ ಕ್ಯಾಲೆಯಿಂದ ಬರೆಯುತ್ತಾನೆ. ಪರೀಕ್ಷೆಗೆ 24ನೇ ನಂಬರಿನ ಮೂಟೆ ಹೊರಬಂತು. ಒಳ್ಳೆ ಮಾಲು ಎಂದು ಬರೆದಿದ್ದ ಮೂಟೆಯೊಳಗೆ 60 ಮಧ್ಯಮ ದರ್ಜೆಯ ತುಪ್ಪಟಗಳು, ಅದೂ ಒರಟು ಉಣ್ಣೆ. ಗುಮಾಸ್ತ ಏನು ಮಾಡಿದ? ಮೂಟೆ ಕಟ್ಟುವವನನ್ನು ಗುಟ್ಟಾಗಿ ಒಪ್ಪಿಸಿ 8ನೇ ನಂಬರಿನ ಒಳ್ಳೆಯ ಉಣ್ಣೆಯನ್ನು ಅದರ ಜಾಗಕ್ಕೆ ತಂದ. ಮಾಡಿದ ಕೆಲಸವನ್ನು ಯಜಮಾನರಿಗೆ ಬರೆದೂ ತಿಳಿಸಿದ. ಐನೂರು ವರ್ಷದ ಹಿಂದಿನ ಈ ಸಾಲುಗಳನ್ನು ಓದುವಾಗ ಯಾವುದೇ ಮಂಡಿಯ ಹಿಂಬಾಗಿಲಲ್ಲಿ ನಿಂತ ಹಾಗೆ ಅನಿಸುತ್ತದೆ.

ಇನ್ನೊಂದು ಪತ್ರದ ಕಥೆ ನಿಮಗೆ ಹೇಳಲೇಬೇಕು. ನೀವು ನಿಂತಿದ್ದ ಅದೇ ಚರ್ಚಿನಲ್ಲಿ ನಡೆದದ್ದು. 1482ರ ವಸಂತ. ಅಪ್ಪ ತೀರಿಕೊಂಡು ಕೆಲವು ತಿಂಗಳಾಗಿದೆ. ಮಗ ರಿಚರ್ಡ್ ಉಣ್ಣೆ ಕಟ್ಟಿಸಲು ಬರ್ಫರ್ಡ್ ಕಡೆಯಿಂದ ಒಂದು ಭಾನುವಾರ ಬೆಳಿಗ್ಗೆ ನಾರ್ತ್‌ಲೀಚಿಗೆ ಬರುತ್ತಾನೆ. ಮಿಡ್‌ವಿಂಟರ್ ಬರಮಾಡಿಕೊಂಡು, ಮಾತಿನ ನಡುವೆ 'ಮದುವೆ ಮಾತುಕತೆ ಏನಾದರೂ ನಡೆದಿದೆಯಾ' ಅಂತ ಕೇಳುತ್ತಾನೆ. ಇಲ್ಲ ಅಂದಿದ್ದೇ ತಡ, ಒಂದು ಸಂಬಂಧ ಹೇಳುತ್ತಾನೆ. ಲೆಮ್ರಿಕ್ ಎಂಬವರ ಮಗಳು. ಆ ಸೀಮೆಯಲ್ಲೇ ದೊಡ್ಡ ಕುಳ. ಹುಡುಗಿಗೆ ತಾಯಿ ಇಲ್ಲ, ತಾಯಿಯ ಕಡೆಯಿಂದಲೇ ವರ್ಷಕ್ಕೆ 40 ಪೌಂಡ್ ಬರುತ್ತದೆ. ಆಗ ಅಷ್ಟು ಭೂಮಿ ವರಮಾನ ಇದ್ದವನು ನೈಟ್ ಪದವಿ ಪಡೆಯಲು ಯೋಗ್ಯ ಎಂದು ಲೆಕ್ಕ.

ಅವತ್ತೇ ಬೆಳಗಿನ ಪ್ರಾರ್ಥನೆಗೆ ಹುಡುಗಿ ಮಲತಾಯಿಯ ಜತೆ ಚರ್ಚಿಗೆ ಬರುತ್ತಾಳೆ. ಒಂದು ಮೈಲಿ ನಡೆದುಕೊಂಡು ಬಂದಿದ್ದಾರೆ. ರಿಚರ್ಡ್ ಮತ್ತು ಬ್ರೆಟನ್ ಆಗಲೇ ಪ್ರಾರ್ಥನೆಯಲ್ಲಿದ್ದಾರೆ. ಅದು ಮುಗಿದ ಮೇಲೆ ಹೆಂಗಸರು ನೆಂಟರ ಮನೆಗೆ ಹೋಗುತ್ತಾರೆ. ರಿಚರ್ಡ್ ಅಲ್ಲಿಗೆ ವೈನ್ ಕಳಿಸುತ್ತಾನೆ. ಪೂಜೆಯ ಮೇಲೆ ಹೋಗಿ ಮಾತಾಡಿಸುತ್ತಾನೆ. ಊಟಕ್ಕೆ ಕರೆದರೆ ಒಪ್ಪುವುದಿಲ್ಲ, ಊಟವಾದ ಮೇಲೆ ಬರುತ್ತೇನೆ ಅನ್ನುತ್ತಾನೆ. ಮತ್ತೆ ವೈನ್ ಕಳಿಸುತ್ತಾನೆ. ಆ ಕಡೆಯಿಂದ ಸುಟ್ಟ ಬಕಪಕ್ಷಿಯ ಮಾಂಸ ಬರುತ್ತದೆ. ಊಟವಾದ ಮೇಲೆ ಕೂತು ಮಾತಾಡುತ್ತಾರೆ. ಹುಡುಗಿ ಚಿಕ್ಕವಳು, ಪುಟ್ಟ ಆಳು, ನೋಡಲು ಚೆಂದ, ಮಾತಿನಲ್ಲಿ ಜಾಣೆ, ಊರವರೆಲ್ಲ ಒಳ್ಳೆಯದನ್ನೇ ಹೇಳುತ್ತಾರೆ ಅಂತ ತಮ್ಮ ಜಾರ್ಜ್‌ಗೆ ಬರೆಯುತ್ತಾನೆ. ಆ ಸಂಬಂಧ ಕೂಡಲಿಲ್ಲ. ರಿಚರ್ಡ್ ಲಂಡನ್ನಿನಲ್ಲೇ ಬೇರೆ ಹುಡುಗಿಯನ್ನು ಮದುವೆಯಾದ. ಲೆಮ್ರಿಕ್‌ರ ಮಗಳು ಆಮೇಲೆ ಪತ್ರಗಳಿಂದ ಮರೆಯಾಗುತ್ತಾಳೆ. ಮಾಲು ಕೊಡುವವನೇ ಹೆಣ್ಣು ತೋರಿಸುವುದು, ದೇವರ ಮನೆಯಲ್ಲೇ ಮೊದಲ ನೋಟ, ಆಮೇಲೆ ನೆಂಟರ ಮನೆಯಲ್ಲಿ ಕೂರುವುದು. ವ್ಯಾಪಾರ, ಮದುವೆ, ದೇವರು ಮೂರೂ ಒಂದೇ ಚಾವಣಿಯ ಕೆಳಗೆ. ಆ ಚರ್ಚನ್ನು ಅವರು ಯಾಕೆ ಅಷ್ಟು ದೊಡ್ಡದಾಗಿ ಕಟ್ಟಿದರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನನ್ನ ಹತ್ತಿರ ಇಲ್ಲ.

ಸತ್ತ ಮೇಲಿನ ಭಯವೂ ಇತ್ತು, ನಿಜ. ಬಡ್ಡಿ ವ್ಯವಹಾರ ಪಾಪ ಎಂದು ಚರ್ಚು ಹೇಳುತ್ತಿದ್ದ ಕಾಲ. ಉದ್ರಿಯಲ್ಲೇ ಬದುಕಿದವರು ಆತ್ಮಕ್ಕಾಗಿ ಪ್ರಾರ್ಥನೆ ನಡೆಯಲಿ ಎಂದು ದುಡ್ಡು ಕೊಡುತ್ತಿದ್ದರು. ಅದರ ಜತೆ ಹೆಮ್ಮೆ. ಹತ್ತಿರದ ಚಿಪ್ಪಿಂಗ್ ಕ್ಯಾಂಪ್ಡನ್‌ನಲ್ಲಿ 1401ರಲ್ಲಿ ಸತ್ತ ವಿಲಿಯಂ ಗ್ರೆವೆಲ್‌ನ ಹಿತ್ತಾಳೆ ಫಲಕದಲ್ಲಿ, ಇಡೀ ಇಂಗ್ಲೆಂಡಿನ ಉಣ್ಣೆ ವ್ಯಾಪಾರಿಗಳಲ್ಲಿ ಇವನೇ ಹೂವು ಅಂತ ಬರೆಸಿದ್ದಾರೆ. ಅಂಥ ನೆರೆಯೂರು ಇದ್ದ ಮೇಲೆ ನಾರ್ತ್‌ಲೀಚಿನವರು ಸುಮ್ನೆ ಇರುತ್ತಾರಾ?

ಇನ್ನು ಊರು ಬೆಳೆಯದೆ ನಿಂತದ್ದು. ಇದಕ್ಕೆ ದೊಡ್ಡ ಕಾರಣ ಸುಂಕ, ಇನ್ನೊಂದು ನೀರು.

ಸುಂಕದ ಲೆಕ್ಕ ನೋಡಿ. ಕಚ್ಚಾ ಉಣ್ಣೆ ಹೊರಗೆ ಕಳಿಸಿದರೆ ಇಂಗ್ಲಿಷ್ ವ್ಯಾಪಾರಿ ಮೂಟೆಗೆ ಸುಮಾರು 40 ಶಿಲ್ಲಿಂಗ್ ಕಟ್ಟಬೇಕು (12 ಪೆನ್ನಿಗೆ ಒಂದು ಶಿಲ್ಲಿಂಗ್). ಫ್ರಾನ್ಸಿನ ಮೇಲಿನ ಯುದ್ಧಕ್ಕೆ ರಾಜರಿಗೆ ದುಡ್ಡು ಬೇಕಿತ್ತು. ಉಣ್ಣೆ ಬಂದರಿನಲ್ಲೇ ಕೈಗೆ ಸಿಗುವ ವಸ್ತು. ಆದರೆ ಅದೇ ಉಣ್ಣೆಯನ್ನು ದೇಶದೊಳಗೆ ನೇಯ್ದು ಬಟ್ಟೆಯಾಗಿ ಕಳಿಸಿದರೆ? 1347ರಲ್ಲಿ ಹಾಕಿದ ಸುಂಕ ಒಂದು ಅಗಲ ಬಟ್ಟೆಗೆ 14 ಪೆನ್ನಿ ಮಾತ್ರ. ಒಂದು ಮೂಟೆಯಲ್ಲಿ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಬಟ್ಟೆ ಆಗುತ್ತವೆ. ಎಲ್ಲ ಸೇರಿಸಿದರೂ 5 ಶಿಲ್ಲಿಂಗ್ ಸುಮಾರು. ಒಂದು ಕಡೆ 40, ಇನ್ನೊಂದು ಕಡೆ 5. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ, ಆದರೆ ಈ ವ್ಯತ್ಯಾಸವೇ ಇಂಗ್ಲೆಂಡನ್ನು ಉಣ್ಣೆ ಮಾರುವ ದೇಶದಿಂದ ಬಟ್ಟೆ ಮಾರುವ ದೇಶವಾಗಿ ತಿರುಗಿಸಿತು. ಸೀಲಿಗಳ ಕಾಲಕ್ಕೇ ಕಚ್ಚಾ ಉಣ್ಣೆಯ ರಫ್ತು ಹತ್ತು ಸಾವಿರ ಮೂಟೆಗಿಂತ ಕೆಳಗೆ ಇಳಿದಿತ್ತು. 1558ರಲ್ಲಿ ಕ್ಯಾಲೆ ಫ್ರೆಂಚರ ಪಾಲಾಯಿತು. 1614ರಲ್ಲಿ ಕಚ್ಚಾ ಉಣ್ಣೆಯನ್ನು ದೇಶದ ಹೊರಗೆ ಕಳಿಸುವುದನ್ನೇ ನಿಷೇಧಿಸಿದರು. 1824ರವರೆಗೆ ಆ ನಿಷೇಧ ಇತ್ತು.

ಬಟ್ಟೆ ಮಾಡೋಣ ಅಂದರೆ ನೀರು ಬೇಕು. ನೇಯ್ದ ಉಣ್ಣೆ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಮರದ ಕೊಡತಿಗಳಿಂದ ಗಂಟೆಗಟ್ಟಲೆ ಬಡಿದರೆ ಅದು ಕುಗ್ಗಿ ಬಿಗಿಯಾಗುತ್ತದೆ, ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಕೊಡತಿಗಳನ್ನು ಎತ್ತಿ ಹಾಕಲು ನೀರಿನ ಚಕ್ರ ಕಟ್ಟಿದರು. ಅದಕ್ಕೆ ಇಳಿಜಾರಿನಲ್ಲಿ ರಭಸವಾಗಿ ಹರಿಯುವ ಹೊಳೆ ಬೇಕು. ನಾರ್ತ್‌ಲೀಚಿನ ಲೀಚ್ ಒಂದು ಸಣ್ಣ ಹಳ್ಳ. ನೀವು ನೋಡಿರುತ್ತೀರಿ, ನೋಡಿದರೂ ಗಮನಿಸಿರಲಿಕ್ಕಿಲ್ಲ, ಅಷ್ಟು ಸಣ್ಣದು. ಆದರೆ ಪಶ್ಚಿಮಕ್ಕೆ ಸ್ಟ್ರೌಡ್ ಕಣಿವೆಯಲ್ಲಿ ಹೊಳೆಗಳು ಚೆನ್ನಾಗಿ ಇಳಿಯುತ್ತವೆ. ಕಸುಬು ಆ ಕಡೆ ಹೋಯಿತು. ಸ್ಟ್ರೌಡಿನ ಕಡುಗೆಂಪು ಬಟ್ಟೆ ಬ್ರಿಟಿಷ್ ಸಿಪಾಯಿಗಳ ಕೋಟಿಗೆ ಹೋಗುತ್ತಿತ್ತು. ಇಂಥ ದಪ್ಪ ಅಗಲ ಬಟ್ಟೆಯನ್ನು ಈಸ್ಟ್ ಇಂಡಿಯಾ ಕಂಪನಿ ಹಡಗುಗಳಲ್ಲಿ ಭಾರತಕ್ಕೂ ಚೀನಾಕ್ಕೂ ಸಾಗಿಸಿತು. ನಮ್ಮ ಹಿರಿಯರು ಬನಾತು ಅನ್ನುತ್ತಿದ್ದದ್ದು ಈ ಜಾತಿಯ ಬಟ್ಟೆಗೇ. ಮುಂದೆ ಉಗಿ ಯಂತ್ರ ಬಂದಾಗ ಕಲ್ಲಿದ್ದಲು ಇದ್ದ ಉತ್ತರದ ಯಾರ್ಕ್‌ಶೈರ್ ಮುಂದೆ ಬಂತು. ಸ್ಟ್ರೌಡೂ ಹಿಂದೆ ಬಿತ್ತು.

ನಾರ್ತ್‌ಲೀಚಿನಲ್ಲಿ ಮಾತ್ರ ಮಧ್ಯಕಾಲದ ನಿವೇಶನಗಳು ಹಾಗೇ ಉಳಿದವು. ಮನೆ ಒಡೆದು ಹೊಸದಾಗಿ ಕಟ್ಟಲು ಯಾರ ಬಳಿಯೂ ದುಡ್ಡಿರಲಿಲ್ಲ. ಹಳೆ ಚರ್ಚನ್ನು ಕೆಡವಿ ಹೊಸ ಶೈಲಿಯಲ್ಲಿ ಕಟ್ಟುವ ಶ್ರೀಮಂತನೂ ಹುಟ್ಟಲಿಲ್ಲ. ಇವತ್ತು ಪ್ರವಾಸಿಗರು ಮುದ್ದಾದ ಊರು ಅಂತ ಫೋಟೊ ತೆಗೆಯುವುದು ಆ ಮುನ್ನೂರು ನಾನೂರು ವರ್ಷಗಳ ಬಡತನವನ್ನೇ. ಊರಿನ ಜನಸಂಖ್ಯೆ ಈಗಲೂ ಸುಮಾರು 2,000.

ಉಣ್ಣೆಯನ್ನು ಉಳಿಸಲು ಸರ್ಕಾರ ಪ್ರಯತ್ನ ಮಾಡಲಿಲ್ಲ ಅಂತಲ್ಲ. 17ನೇ ಶತಮಾನದಲ್ಲಿ ಒಂದು ಕಾನೂನು ತಂದರು. ಸತ್ತವರನ್ನು ಉಣ್ಣೆ ಬಟ್ಟೆಯಲ್ಲೇ ಸುತ್ತಿ ಹೂಳಬೇಕು, ಇಲ್ಲದಿದ್ದರೆ 5 ಪೌಂಡ್ ದಂಡ. ಅದನ್ನು ರದ್ದು ಮಾಡಿದ್ದು 1814ರಲ್ಲಿ.

ಒಂದು ಮಾತನ್ನು ಮಾತ್ರ ಬಿಡಲಾರೆ. ಹಿತ್ತಾಳೆಯಲ್ಲಿ ಫೋರ್ಟಿ ಇದ್ದಾನೆ, 1525ರಲ್ಲಿ ಸತ್ತ ಥಾಮಸ್ ಬುಶ್ ತನ್ನ ಹೆಂಡತಿಯ ಜತೆ ಇದ್ದಾನೆ. ಕುರಿ ಇದೆ. ಕುರಿ ಕಾಯ್ದವನು ಇಲ್ಲ. ಚಳಿಯಲ್ಲಿ ಮರಿ ಹಾಕುವ ಕುರಿಗಳ ಜತೆ ರಾತ್ರಿ ಕಳೆದವನ, ಜೂನ್‌ನಲ್ಲಿ ಹಳ್ಳದ ನೀರಲ್ಲಿ ಸೊಂಟದವರೆಗೆ ನಿಂತು ಕುರಿ ತೊಳೆದವನ ಹೆಸರು ಆ ಚರ್ಚಿನಲ್ಲಿ ಎಲ್ಲೂ ಇಲ್ಲ. ನೀವು ಕುರಿಯನ್ನು ನೋಡಿ ಮರುಗಿದಿರಿ. ನನಗೆ ಅಲ್ಲಿ ಕಾಣದೆ ಹೋದ ಈ ಮನುಷ್ಯ ಕಾಡುತ್ತಾನೆ.

ಅವನ ಮೊಮ್ಮಕ್ಕಳ ಕಾಲದ ಕಥೆಯೂ ಸುಖದ್ದಲ್ಲ. ಕಾಟ್ಸ್‌ವೊಲ್ಡ್ ಸಿಂಹ ಅಂತ ಅಡ್ಡಹೆಸರು ಇರುವ, ಹಣೆಯ ಮೇಲೆ ಉದ್ದ ಕೂದಲು ಇಳಿಬಿಟ್ಟ ದೊಡ್ಡ ಕುರಿ ತಳಿ ಈಗ ಅಪರೂಪದ ತಳಿಗಳ ಪಟ್ಟಿಯಲ್ಲಿದೆ. ಬ್ರಿಟನ್ನಿನ ಎಷ್ಟೋ ರೈತರಿಗೆ ಇತ್ತೀಚಿನ ವರ್ಷಗಳಲ್ಲಿ ಉಣ್ಣೆಗೆ ಸಿಗುವ ಬೆಲೆ ಕತ್ತರಿಸುವ ಕೂಲಿಗೂ ಸಾಲುತ್ತಿಲ್ಲ. ಕುರಿ ಸಾಕುವುದು ಮಾಂಸಕ್ಕೆ, ಉಣ್ಣೆ ತೆಗೆಯುವುದು ಕುರಿಯ ಆರೋಗ್ಯಕ್ಕೆ. ನಿಮ್ಮ ತವರಿನ ಕಡೆಯವರು ಕೇಳಿದರೆ ಇದು ನಮ್ಮದೇ ಕಥೆ ಅಂದಾರು.

ಮಗಳ ಜತೆ ಮುಂದಿನ ಸಲ ಹೋದಾಗ ಮೂರು ಕಡೆ ನಿಂತು ನೋಡಿ. ಒಳಗೆ ಹೋಗುವ ಮೊದಲು ದಕ್ಷಿಣದ ಬಾಗಿಲಿನ ಮಂಟಪ. ಅದರ ಮೇಲೊಂದು ಕೋಣೆ ಇದೆ, ಅದಕ್ಕೆ ಒಲೆ ಇದೆ. ಹೊಗೆ ಹೋಗುವ ಕೊಳವೆಯನ್ನು ಕಲ್ಲಿನ ಶಿಖರದ ಒಳಗೆ ಅಡಗಿಸಿದ್ದಾರೆ. ಒಳಗೆ ಹೋದ ಮೇಲೆ ನಡುಭಾಗದ ಕಂಬಗಳು. ಎಂಟು ಮುಖದ ಕಂಬ, ಪ್ರತಿ ಮುಖವೂ ಒಳಕ್ಕೆ ಬಾಗಿದೆ. ಕೈಯಿಂದ ಸವರಿ ನೋಡಿ. ಫೋರ್ಟಿಯ 300 ಪೌಂಡ್ ನಿಮ್ಮ ಅಂಗೈಗೆ ತಾಗುತ್ತದೆ. ಮೂರನೆಯದು ಫೋರ್ಟಿಯ ಕಾಲ ಬಳಿಯ ಮೂಟೆ. ಅದರ ಕಟ್ಟು ನೋಡಿ. ಕಂಬಳಿ ಕಟ್ಟಿದ ಮನೆಯವರು ನೀವು. ಅದನ್ನು ಕಟ್ಟಿದವನು ಕಸುಬು ಬಲ್ಲವನೋ ಅಲ್ಲವೋ ಅಂತ ನನಗಿಂತ ಚೆನ್ನಾಗಿ ನೀವು ಹೇಳಬಲ್ಲಿರಿ. ನೋಡಿದ ಮೇಲೆ ನನಗೊಂದು ಸಾಲು ಬರೆಯಿರಿ.